ದಪ್ಪ ತಂತಿಯ ಸಾಥ್

ಯಾರೂ ಮುಟ್ಟಿಲ್ಲ, ಆದರೂ ಗಿಟಾರಿನ ದಪ್ಪ ತಂತಿ ನಡುಗುತ್ತಿದೆ, ಒಂದು ತಂತಿ ಎರಡಾಗಿ ಕಾಣುವಷ್ಟು ಸಣ್ಣಗೆ — ಗಾಡಿ ಹೋಗುತ್ತಿದೆ, ಅಷ್ಟೇ, ಸಿಮೆಂಟಿನ ಮಾಲುಗಾಡಿ, ಕಿಟಕಿಯ ಗಾಜೂ ಅದರ ಜೊತೆ ಗುಂಯ್ ಎನ್ನುತ್ತಿದೆ, ವಾಡಿಯಲ್ಲಿ ಗಾಡಿ ಹೋಗದ ಗಳಿಗೆ ಯಾವುದು, ಇದರಲ್ಲಿ ಹೆದರುವಂಥದ್ದೇನಿದೆ ಎಂದುಕೊಂಡು ಶಿವಕಾಂತಮ್ಮ ತಂತಿಗಳ ಮೇಲೆ ಎಡ ಅಂಗೈ ಊರಿದಳು, ನಡುಕ ನಿಂತಿತು. ಬೆಳಿಗ್ಗೆ ಶಹಾಬಾದದ ಮನೆಯಲ್ಲಿ ಇದೇ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಕುಳಿತು, ವಿಭೂತಿ ಹಚ್ಚಿ, ಒಂದು ದಳ ಪತ್ರಿ ಏರಿಸಿ, ಶಿವನೇ, ಇವತ್ತು ಕಾಗದ ನೋಡದೆ ಬಾರಿಸುತ್ತೇನೆ, ಹಾಡು ತುದಿ ಮುಟ್ಟಿದರೆ ನನಗೇನೂ ಆಗಿಲ್ಲವೆಂದು ತಿಳಿಯುತ್ತೇನೆ, ಮುಟ್ಟದಿದ್ದರೆ ನಾಳೆಯೇ ಕಲಬುರಗಿಗೆ ಹೋಗಿ ಡಾಕ್ಟರ ಮುಂದೆ ಕುಳಿತು ಅಕ್ಕನ ಮರವಿನ ರೋಗ ನನಗೂ ಬಂದಿದೆ ಎಂದು ಬಾಯಿ ಬಿಟ್ಟು ಹೇಳುತ್ತೇನೆ — ಹೀಗೆ ಕರಾರು ಮಾಡಿಕೊಂಡು ಬಂದಿದ್ದಳು, ಕರಾರು ಎನ್ನಬಾರದು, ದೇವರ ಜೊತೆ ಕರಾರು ಮಾಡಿಕೊಳ್ಳುವುದಕ್ಕೆ ಅಡತಿ ಅಂಗಡಿ ಇಟ್ಟಿದ್ದಿಯೇನು ಎಂದು ಅಕ್ಕ ಇದ್ದಿದ್ದರೆ ಬಯ್ಯುತ್ತಿದ್ದಳು, ಅಕ್ಕ ಇಲ್ಲ, ಶ್ರಾವಣ ಬಂದರೆ ವರ್ಷ ತುಂಬುತ್ತದೆ, ಬಯ್ಯುವವರು ಇಲ್ಲದ ಮನೆ ಎಷ್ಟು ದೊಡ್ಡದಾಗಿ ಕಾಣುತ್ತದೆ, ಅಕ್ಕ ಇದ್ದಾಗಲೇ ಎಷ್ಟೋ ದಿನ ಇರಲಿಲ್ಲ, ಮೈ ಇತ್ತು, ಜಳಕ ಮಾಡಿಸಿದರೆ ಮಾಡಿಸಿಕೊಳ್ಳುತ್ತಿತ್ತು, ತುತ್ತು ಇಟ್ಟರೆ ನುಂಗುತ್ತಿತ್ತು, ಮತ್ತು ಆ ಅಂಗೈ — ಬೇಡ, ಈಗ ಅದು ಬೇಡ, ಈಗ ಹಾಡಿನ ಅಂಕಿ ನೆನೆಯಬೇಕು, ಸೊನ್ನೆ ಸೊನ್ನೆ ಮೂರು, ಸೊನ್ನೆ ಐದು ಮೂರು, ಇದೇ ನಾಲ್ಕು ಸುತ್ತು, ನಾಲ್ಕಾದ ಮೇಲೆ ಪಲ್ಲವಿ, ಪಕ್ಕದ ತಂತಿಗೆ ಏರಿ ಎರಡು ಎರಡು ಸೊನ್ನೆ, ನೆನಪಿದೆ, ಎಲ್ಲ ನೆನಪಿದೆ, ಆದರೆ ಅಕ್ಕನೂ ಹೀಗೇ ಹೇಳುತ್ತಿದ್ದಳಲ್ಲ, ನಂಗೆಲ್ಲಾ ಯಾದ್ ಅದ ತಂಗೀ, ನೀ ಸುಮ್ಕ ಫಿಕರ್ ಮಾಡ್ತಿ.

ಚಿಗವ್ವ, ಶುರು ಮಾಡಮೇನ ಎಂದಳು ಪೂನಮ್, ಹೆಗಲಿಗೆ ಗಿಟಾರಿನ ಪಟ್ಟಿ ಏರಿಸುತ್ತ — ಅಕ್ಕನ ಒಬ್ಬಳೇ ಮಗಳು, ಸಿಮೆಂಟು ಕಾರ್ಖಾನೆಯ ಲ್ಯಾಬಿನಲ್ಲಿ ಸಿಮೆಂಟಿನ ಗಟ್ಟಿತನ ಪರೀಕ್ಷಿಸುವಾಕೆ, ನಲವತ್ತು ದಾಟಿದರೂ ಮದುವೆ ಎಂದರೆ ನಕ್ಕು ಎದ್ದು ಹೋಗುವಾಕೆ, ಈ ಕ್ವಾರ್ಟರ್ಸಿನ ಎರಡು ಕೋಣೆಯಲ್ಲಿ ಪಾತ್ರೆಗಿಂತ ವೈರುಗಳೇ ಹೆಚ್ಚು. ತಡಿಯವ್ವ, ಜರಾ ಕೈ ಬಿಸಿ ಆಗ್ಲಿ ಎಂದಳು ಶಿವಕಾಂತಮ್ಮ, ಮೂಲೆಯಲ್ಲಿ ಡ್ರಮ್ಮುಗಳ ಹಿಂದೆ ಕುಳಿತಿದ್ದ ಅಬ್ದುಲ್ ಮಜೀದ ನಕ್ಕ, ಅಮ್ಮಾರ, ವಾಡಿ ಬಿಸಲಾಗ ಕೈ ಬಿಸಿ ಆಗಬೇಕೇನ್ರಿ, ಹೊರಗ ಪರಶಿ ಕಲ್ಲಿನ ಮ್ಯಾಲ ರೊಟ್ಟಿ ಸುಡಬಹುದು, ನಡೀರಿ, ನಾಲ್ಕು ಗಂಟೆಗೆ ನಂಗ ಡ್ಯೂಟಿ ಅದ. ರೈಲ್ವೆಯಲ್ಲಿ ಸಿಗ್ನಲ್ ರಿಪೇರಿಯವನು, ಮೊದಲು ಮದುವೆ ಬ್ಯಾಂಡಿನಲ್ಲಿ ಬಾರಿಸುತ್ತಿದ್ದವನು, ಇವನೂ ಪೂನಮ್‌ಳೂ ಮತ್ತೆ ಒಬ್ಬ ಮಲಯಾಳಿ ಇಂಜಿನಿಯರನೂ ಸೇರಿ ಕ್ಲಬ್ಬಿನಲ್ಲಿ ಇಂಗ್ಲಿಷ್ ರಾಕ್ ಹಾಡು ಬಾರಿಸುತ್ತಿದ್ದರು, ಇಂಜಿನಿಯರನಿಗೆ ವರ್ಗವಾಯಿತು, ನಾಲ್ಕೇ ದಪ್ಪ ತಂತಿಯ ಬಾಸ್ ಗಿಟಾರು ಇಲ್ಲೇ ಬಿಟ್ಟು ಹೋದ, ಮಾರಿಬಿಡಬೇಕು ಎಂದು ಪೂನಮ್ ಅಂದ ದಿನವೇ ಶಿವಕಾಂತಮ್ಮ ಬಾಯಿ ತಪ್ಪಿ ಬಂದ ಹಾಗೆ ನಂಗ ಕಲಸ್ತಿಯೇನವ್ವ ಎಂದು ಕೇಳಿಬಿಟ್ಟಿದ್ದಳು, ಬಾಯಿ ತಪ್ಪಿ ಬಂದದ್ದಲ್ಲ, ಮೂರು ರಾತ್ರಿ ಯೋಚಿಸಿ ಕೇಳಿದ್ದು. ಯಾಕ ಚಿಗವ್ವ, ಈ ವಯಸ್ಸಿನಾಗ? ಸುಮ್ನ, ಟೈಮ್ ಹೋಗ್ತದವ್ವ. ಪೂನಮ್ ಒಂದು ಗಳಿಗೆ ಮುಖ ನೋಡಿ, ಮುಂದೆ ಏನೂ ಕೇಳದೆ ಗಿಟಾರು ತಂದು ತೊಡೆಯ ಮೇಲಿಟ್ಟಳು, ಹಸುಗೂಸಿಗಿಂತ ಭಾರ, ಇಷ್ಟು ಉದ್ದ ಕೊರಳು. ಮಜೀದ ಅವತ್ತು ಅಂದಿದ್ದ, ಬಾಸ್ ಅಂದ್ರ ಸಾರಿನಾಗ ತೊಗರಿ ಬ್ಯಾಳಿ ಇದ್ದಂಗ್ರಿ ಅಮ್ಮಾರ, ಕುದ್ದ ಮ್ಯಾಲ ಕಾಣೂದಿಲ್ಲ, ಹಾಕದಿದ್ರ ಮಾತ್ರ ಎಲ್ಲರಿಗೂ ಗೊತ್ತಾಗ್ತದ. ಅಕ್ಕನ ಬಳಗದ ವಚನ ಹಾಡುವ ಹೆಂಗಸರು ಶಹಾಬಾದದಲ್ಲಿ ಅಂದದ್ದೇ ಬೇರೆ, ಶಿವಕಾಂತಮ್ಮ ಹಾರ್ಮೋನಿಯಮ್ ಪೇಟಿ ಬಿಟ್ಟು ಇಂಗ್ಲಿಷ್ ತಂಬೂರಿ ಹಿಡದಾಳಂತ, ಇನ್ನ ಪ್ಯಾಂಟ್ ಒಂದು ಹಾಕೂದು ಬಾಕಿ ನೋಡ್ರಿ. ನಗಲಿ, ಎಲ್ಲರೂ ನಗಲಿ, ಅವರಿಗೆ ಏನು ಗೊತ್ತು, ಕತ್ತಲೆಯ ಬಾವಿಯ ಅಂಚಿಗೆ ಕಾಲು ಇಟ್ಟವರು ಕೈಗೆ ಸಿಕ್ಕ ಹಗ್ಗ ಯಾವ ಊರಿನದು ಎಂದು ಕೇಳುತ್ತಾರೆಯೇ.

ಸೊನ್ನೆ ಸೊನ್ನೆ ಮೂರು. ಮೊದಲ ದಿನ ಪೂನಮ್ ಮುದ್ರಿಸಿದ ಹಾಳೆ ಮುಂದಿಟ್ಟು, ಇದಕ್ಕ ಟ್ಯಾಬ್ ಅಂತಾರ ಚಿಗವ್ವ, ಸ್ವರ ಗೊತ್ತಿಲ್ದಿದ್ರೂ ನಡೀತದ, ನಾಕು ಗೆರಿ ಅಂದ್ರ ನಾಕು ತಂತಿ, ಗೆರಿ ಮ್ಯಾಲಿನ ಅಂಕಿ ಅಂದ್ರ ಕೊರಳ ಮ್ಯಾಲಿನ ಯಾವ ಮನಿ ಒತ್ತಬೇಕು ಅಂತ, ಸೊನ್ನಿ ಅಂದ್ರ ಒತ್ತದ ಬಿಡೂದು, ಇಷ್ಟೇ — ಇಷ್ಟೇ ಎಂದಳು, ಆದರೆ ಹಾಳೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಗೆರೆ ದಪ್ಪ ತಂತಿ, ಗಿಟಾರು ಎದೆಗೆ ಹಿಡಿದರೆ ದಪ್ಪ ತಂತಿ ಎಲ್ಲಕ್ಕಿಂತ ಮೇಲೆ, ಎರಡು ವಾರ ತಲೆಕೆಳಗಾಗಿ ಬಾರಿಸಿದ್ದಳು, ಮಜೀದ ನಗು ತಡೆಯಲಾರದೆ ಹೊರಗೆ ಹೋಗಿ ನಕ್ಕು ಬಂದಿದ್ದ, ಆಗಲೇ ಆಕೆಗೆ ಎದೆಯೊಳಗೆ ಒಂದು ಕಲ್ಲು ಉರುಳಿದ ಹಾಗಾಗಿತ್ತು, ಇದು ಕಲಿಯದವರ ತಪ್ಪೋ ಅಥವಾ ಮರೆಯುತ್ತಿರುವವರ ತಪ್ಪೋ. ಒಂದು ದಿನ ದಣಿದು ಗಿಟಾರನ್ನು ನೆಲದ ಮೇಲೆ ಪೇಟಿಯ ಹಾಗೆ ಮುಂದೆ ಮಲಗಿಸಿಕೊಂಡು ಕುಳಿತಳು, ಆಗ ದಪ್ಪ ತಂತಿ ತನ್ನ ಹತ್ತಿರ ಬಂತು, ಹಾಳೆಯ ಕೆಳಗಿನ ಗೆರೆಯೂ ತನ್ನ ಹತ್ತಿರವೇ, ಎರಡೂ ಒಂದಕ್ಕೊಂದು ಕೂಡಿದವು, ಅಯ್ಯ ಶಿವನೇ ಇಷ್ಟೇ ಏನು ಎಂದು ಜೋರಾಗಿ ಕೂಗಿಬಿಟ್ಟಿದ್ದಳು, ಪೂನಮ್ ಅಡಿಗೆಮನೆಯಿಂದ ಓಡಿಬಂದಿದ್ದಳು. ಅವತ್ತಿನಿಂದ ಅಂಕಿ ಎಂದರೆ ಒಂದು ಧೈರ್ಯ, ಅಂಕಿ ಸುಳ್ಳು ಹೇಳುವುದಿಲ್ಲ, ಅಂಕಿಗೆ ದಾಕ್ಷಿಣ್ಯವಿಲ್ಲ, ಪೇಟಿ ಹಾಗಲ್ಲ — ಪೇಟಿ ಕಲಿಸಿದ ಕಾಶೀನಾಥ ಮಾಸ್ತರರು ಚಿಮ್ಮನಚೋಡದ ಮಠದ ಪಡಸಾಲೆಯಲ್ಲಿ ಕುಳಿತು ಏಳು ವರ್ಷದ ಹುಡುಗಿಗೆ ಹೇಳಿದ್ದು ಒಂದೇ ಮಾತು, ಹಾಡಾವರು ತಪ್ಪೂದಿಲ್ಲ ಮಗಳ, ತಪ್ಪಿದ್ರ ಪೇಟಿ ತಪ್ಪಿದಂಗ, ಅವರು ಎಲ್ಲಿ ಹೋಗ್ತಾರ ಅಲ್ಲಿ ನೀ ಮೊದಲ ಹೋಗಿ ನಿಂತಿರಬೇಕು, ಅದಕ್ಕ ಸಾಥ್ ಅಂತಾರ. ಅರವತ್ತರ ತನಕ ಅದನ್ನೇ ಮಾಡಿದಳು, ಹಾಡುವವಳು ಉಸಿರು ಎಳೆಯುವಾಗಲೇ ಇವಳ ಬೆರಳಿಗೆ ತಿಳಿಯುತ್ತಿತ್ತು, ಒಂದು ಸಾಲು ಬಿಟ್ಟರೆ ಇವಳೂ ಬಿಟ್ಟಳು, ಎರಡು ಸಲ ಅಂದರೆ ಇವಳೂ ಎರಡು ಸಲ, ಕೇಳುವವರಿಗೆ ತಪ್ಪೆಂಬುದು ಕಿವಿಗೆ ಬೀಳುತ್ತಲೇ ಇರಲಿಲ್ಲ. ಪೂನಮ್‌ಳ ಹಿಂದೆಯೂ ಹಾಗೇ ಹೋಗುತ್ತಾಳೆ, ಗೊತ್ತಿಲ್ಲದೆ, ಮಜೀದ ಮೆಚ್ಚಿಕೊಳ್ಳುತ್ತಾನೆ, ಅಮ್ಮಾರಿಗೆ ಹಿಂದಿನ ಕಣ್ಣು ಅವರಿ, ಆದರೆ ಇವತ್ತು ಹಾಗೆ ಹೋಗಬಾರದು, ಇವತ್ತಿನದು ನೆನಪಿನ ಪರೀಕ್ಷೆ, ಮತ್ತೊಬ್ಬರ ಬೆನ್ನು ನೋಡಿ ನಡೆದರೆ ದಾರಿ ಗೊತ್ತಿದೆ ಎಂದು ಹೇಗೆ ಹೇಳುವುದು.

ಏಕ್ ದೋ ತೀನ್ ಚಾರ್ ಎಂದು ಮಜೀದ ಕೋಲು ಕುಟ್ಟಿದ, ಬೆರಳು ಬಿತ್ತು, ಸೊನ್ನೆ, ಕೋಣೆಯ ನೆಲವೇ ಹೂಂ ಎಂದಿತು, ಸೊನ್ನೆ ಮೂರು, ಪೂನಮ್‌ಳ ಗಿಟಾರು ಮೇಲೆ ಕರಕರ ಹತ್ತಿಕೊಂಡಿತು, ಸೊನ್ನೆ ಐದು ಮೂರು, ಕಾಗದ ಮಂಚದ ಮೇಲೆ ಬೋರಲಾಗಿ ಬಿದ್ದಿದೆ, ನೋಡುವುದಿಲ್ಲ, ಒಂದನೆಯ ಸುತ್ತು ಮುಗಿಯಿತು, ಎರಡನೆಯದು, ಪೂನಮ್ ಹಾಡುತ್ತಿದ್ದಾಳೆ, ತಾಯಿಯದೇ ಕಂಠ, ಇಂಗ್ಲಿಷ್ ಮಾತಿನೊಳಗೂ ಅಕ್ಕನ ಮೂಗಿನ ಧ್ವನಿ, ಅಕ್ಕ ಬಳಗದಲ್ಲಿ ವಚನ ಎತ್ತಿಕೊಟ್ಟರೆ ಬೀದಿಯ ಆಚೆ ಮನೆಯವರು ಬಾಗಿಲಿಗೆ ಬರುತ್ತಿದ್ದರು, ಆಮೇಲೆ ಅಕ್ಕ ಸಾಲು ಬಿಡತೊಡಗಿದಳು, ಮೊದಲನೆಯ ನುಡಿಯಿಂದ ಮೂರನೆಯದಕ್ಕೆ ಹಾರುತ್ತಿದ್ದಳು, ಪೇಟಿ ಹಿಂದೆಯೇ ಹಾರುತ್ತಿತ್ತು, ಇವತ್ತೇನು ಗುರುದೇವಿ ಅಕ್ಕಾರು ಹೊಸಾ ಧಾಟಿ ಹಿಡದಾರ ಎಂದು ಹೆಂಗಸರು ತಲೆದೂಗಿದರು, ಪೂರಾ ಒಂದು ವರ್ಷ ತಲೆದೂಗಿದರು, ಒಂದು ಸೋಮವಾರ ಪೇಟಿಯ ತಿದಿ ಹರಿದು ರಿಪೇರಿಗೆ ಹೋಗಿತ್ತು, ಅಕ್ಕ ಒಬ್ಬಳೇ ಹಾಡಿದಳು, ನಡುವೆ ನಿಂತಳು, ಬಾಯಿ ತೆರೆದಿತ್ತು, ಎಲ್ಲರೂ ಕಾದರು, ಅಕ್ಕ ಸುತ್ತ ನೋಡಿ ನಕ್ಕಳು, ಆ ನಗು — ಅಯ್ಯೋ, ಪೂನಮ್ ಏರಿದಳು, ಎರಡೇ ಸುತ್ತಿಗೆ ಪಲ್ಲವಿಗೆ ಏರಿಬಿಟ್ಟಳು, ಇನ್ನೂ ಎರಡು ಸುತ್ತು ಇದೆಯಲ್ಲ, ಇಲ್ಲವೇ, ನಾಲ್ಕೋ ಎರಡೋ, ಮನಸ್ಸು ನಾಲ್ಕು ಎನ್ನುವಷ್ಟರಲ್ಲಿ ಬೆರಳು ಪೂನಮ್‌ಳ ಹಿಂದೆ ಪಕ್ಕದ ತಂತಿಗೆ ಹಾರಿತ್ತು, ಹಾರಿ ಅರ್ಧಕ್ಕೆ ತೊಡರಿತು, ಮಜೀದನ ಕೋಲು ಒಂದು ಪೆಟ್ಟು ಗಾಳಿಯಲ್ಲಿ ನಿಂತು ಬಿತ್ತು, ಗಿಟಾರು ನಿಂತಿತು. ಚಿಗವ್ವ, ಮತ್ತ ಮರ್ತಿ ನೋಡು.

ಮತ್ತೆ. ಆ ಒಂದು ಮಾತಿಗೆ ಶಿವಕಾಂತಮ್ಮ ತಂತಿಯಿಂದ ಕೈ ತೆಗೆದಳು. ನಿನ್ನಿ ಫೋನಿನಾಗ ಹೇಳಿದ್ನಲ್ಲ ಚಿಗವ್ವ, ಎರಡು ಸುತ್ತಿಗೇ ಪಲ್ಲವಿ ಅಂತ — ಹೇಳಿದ್ದಳೇ, ನಿನ್ನೆ ಫೋನು ಬಂದಿತ್ತು, ನಿಜ, ಹೆಸರುಬೇಳೆ ತೊಳೆಯುತ್ತಿದ್ದೆ, ಫೋನನ್ನು ಹೆಗಲಿಗೆ ಒತ್ತಿಕೊಂಡಿದ್ದೆ, ಮಾತಾಡಿದ್ದು ಸೇಡಂನ ಗದ್ದಲ, ಯಾರದೋ ಗೃಹಪ್ರವೇಶ, ಪಲ್ಲವಿಯ ಮಾತು ಬಂದಿರಲಿಲ್ಲ, ಬಂದಿರಲಿಲ್ಲ ಎಂದು ಆಣೆ ಮಾಡಬಲ್ಲೆನೇ, ಮರೆತದ್ದು ಮರೆತವರಿಗೆ ಹೇಗೆ ತಿಳಿಯಬೇಕು. ಹೋದ ವಾರವೂ ಹೀಗೇ, ಮೂರನೇ ಮನಿ ಅಲ್ಲ ನಾಕನೇದು ಅಂತ ತೋರ್ಸಿದ್ನಲ್ಲ ಎಂದಳು, ತೋರಿಸಿದ್ದು ನೆನಪಿಲ್ಲ. ಅದಕ್ಕೂ ಮುಂಚೆ ಒಂದು ಭಾನುವಾರ ಶಹಾಬಾದದಿಂದ ಪ್ಯಾಸೆಂಜರ್ ಹತ್ತಿ ಬಂದರೆ ಈ ಮನೆಗೆ ಬೀಗ, ಬಾಗಿಲ ಮೆಟ್ಟಿಲ ಮೇಲೆ ಸೆರಗಿನಿಂದ ಸಿಮೆಂಟಿನ ಧೂಳು ಒರೆಸಿಕೊಂಡು ಕುಳಿತೆ, ಮಧ್ಯಾಹ್ನದ ಮೇಲೆ ಪೂನಮ್ ಚಿತ್ತಾಪುರದಿಂದ ಬಂದಳು, ಇದೇನ ಚಿಗವ್ವ, ಈ ವಾರ ಬರಲ್ಲ ಅಂತ ನೀನೇ ಅಂದಿದ್ಯಲ್ಲ — ಅಂದಿದ್ದೆನೇನೋ, ಅಂದಿರಬೇಕು, ಓದಿದ ಹುಡುಗಿ, ಕಾರ್ಖಾನೆಯಲ್ಲಿ ದೊಡ್ಡ ಕೆಲಸ, ಅವಳು ಮರೆಯುತ್ತಾಳೆಯೇ, ಮರೆಯುವ ವಯಸ್ಸು ನನ್ನದು, ಅವತ್ತು ರಾತ್ರಿ ಊಟ ಸೇರಲಿಲ್ಲ, ಗೋಡೆಗೆ ಒರಗಿ ಕುಳಿತು ತಾಯಿಯ ಹೆಸರು, ತಂದೆಯ ಹೆಸರು, ಚಿಮ್ಮನಚೋಡದ ಮನೆಯ ಸಾಲಿನ ಮನೆಗಳ ಹೆಸರು ಒಂದೊಂದೇ ಹೇಳಿಕೊಂಡೆ, ಎಲ್ಲ ಬಂದವು, ಬಂದರೂ ಹೆದರಿಕೆ ಹೋಗಲಿಲ್ಲ, ಅಕ್ಕನಿಗೂ ಹಳೆಯವೆಲ್ಲ ಕಡೆಯ ತನಕ ಇದ್ದವು, ಹೋದದ್ದು ಎದುರಿಗಿದ್ದದ್ದು. ಅಮ್ಮಾರಿಗೆ ಬೈಬ್ಯಾಡ್ರಿ ಬೆಹೆನ್ ಎಂದ ಮಜೀದ, ಹಾಡು ಅಂದ್ರ ಹಂಗೇ, ಸಿಗ್ನಲ್ ಬಿದ್ದಿಲ್ದಾಗ ಗಾಡಿ ಬಿಟ್ಟಂಗ ಆಗ್ತದ ಒಮ್ಮೊಮ್ಮೆ, ಎಂದು ನಗಿಸಲು ನೋಡಿದ, ಆದರೆ ಮುಖ ಎತ್ತಿ ಅನ್ನಲಿಲ್ಲ, ಡ್ರಮ್ಮಿನ ತಿರುಪು ಬಿಗಿ ಮಾಡುತ್ತ ಅಂದ, ಬಿಗಿಯಾಗಿಯೇ ಇದ್ದ ತಿರುಪನ್ನು. ಪೂನಮ್ ನಕ್ಕಳು, ನಾ ಎಲ್ಲಿ ಬೈದೆ ಮಜೀದ್‌ಭಾಯಿ, ಚಿಗವ್ವಗ ಬೈದ್ರ ನಂಗ ರಾತ್ರಿ ಹುಗ್ಗಿ ಯಾರು ಮಾಡ್ತಾರ, ಇರ್ರಿ, ಚಾ ಇಟ್ಟು ಬರ್ತೀನಿ. ಒಳಗೆ ಹೋದಳು, ಡಬ್ಬಿಗಳ ಮುಚ್ಚಳ ತೆಗೆಯುವ ಸದ್ದು, ಒಂದು, ಇನ್ನೊಂದು, ಮತ್ತೊಂದು, ಸಕ್ಕರೆ ಎಲ್ಲಿಟ್ಟೆನವ್ವ ಎಂದು ತನಗೆ ತಾನೇ ಗೊಣಗುವುದು, ಶಿವಕಾಂತಮ್ಮನಿಗೆ ಅದು ಕಿವಿಗೆ ಬಿದ್ದರೂ ಬೀಳಲಿಲ್ಲ, ಆಕೆಯ ಕಿವಿಯ ತುಂಬ ಡಾಕ್ಟರ ಮಾತು ತಿರುಗುತ್ತಿತ್ತು.

ಕಲಬುರಗಿಯ ಡಾಕ್ಟರು ಒಳ್ಳೆಯವರು, ಮೆಲ್ಲಗೆ ಹೇಳಿದ್ದರು, ಈ ಮರವಿನ ರೋಗ ಕೆಲವು ಮನಿತನದಾಗ ರಕ್ತದಾಗೇ ಬರ್ತದರಿ, ಜಲ್ದಿ ಬರೂದೂ ಉಂಟು, ನೀವೂ ಹುಷಾರಿರ್ರಿ, ಹೊಸಾದು ಏನರೆ ಕಲೀಲಿಕತ್ತಿರ್ರಿ, ತಲಿ ಎಚ್ಚರಿರ್ತದ. ನೀವೂ ಎಂದಾಗ ಡಾಕ್ಟರು ಯಾರ ಕಡೆ ನೋಡಿದ್ದರು, ತನ್ನ ಕಡೆ, ತಾನೇ ಎದುರಿನ ಕುರ್ಚಿಯಲ್ಲಿ ಕುಳಿತದ್ದು, ಪೂನಮ್ ಬಾಗಿಲ ಹತ್ತಿರ ತಾಯಿಯ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದಳು, ಅಕ್ಕ ಬರಿಗಾಲಲ್ಲಿ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದಳು. ಅವತ್ತಿನಿಂದ ಆ ಮಾತು ಕೊರಳಿಗೆ ಕಟ್ಟಿದ ಗುಂಡುಕಲ್ಲು, ರಕ್ತ, ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರ ರಕ್ತ, ಮುಂದಿನ ಸರದಿ ತನ್ನದು, ಸಾಯುವುದಕ್ಕೆ ಹೆದರಿಕೆಯಿಲ್ಲ, ಶಿವ ಕರೆದಾಗ ಹೋಗುವುದು ಇದ್ದದ್ದೇ, ಹೆದರಿಕೆ ಆ ಅಂಗೈಗೆ — ಬಂತು, ಬೇಡವೆಂದರೂ ಬಂತು, ಅಕ್ಕ ಜಳಕ ಮಾಡಿ, ಬಿಳಿ ಸೀರೆಯುಟ್ಟು, ಮಣೆಯ ಮೇಲೆ ಕುಳಿತಿದ್ದಾಳೆ, ಎಡ ಅಂಗೈಯಲ್ಲಿ ಲಿಂಗ ಇದೆ, ಹುಟ್ಟಿದ ದಿನದಿಂದ ಮೈಮೇಲಿದ್ದ ಲಿಂಗ, ಹೆರಿಗೆಯಲ್ಲೂ ಬಿಡದ, ಗಂಡನ ಮಣ್ಣಿನ ದಿನವೂ ಬಿಡದ ಲಿಂಗ, ಕಿಟಕಿಯ ಬೆಳಕು ಅಂಗೈ ಮೇಲೆ ಬಿದ್ದಿದೆ, ಬೆರಳುಗಳು ಬಿಚ್ಚಿಕೊಂಡಿವೆ, ಅಕ್ಕ ಅದನ್ನೇ ನೋಡುತ್ತಿದ್ದಾಳೆ, ಬಹಳ ಹೊತ್ತು ನೋಡಿ ಮುಖ ಎತ್ತಿ, ಇದು ಯಾರ್ದ ತಂಗೀ, ಇಟ್ಟು ಹೋಗ್ಯಾರ ನೋಡು, ಪಾಪ ಹುಡಕಾಕತ್ತಿರಬೇಕು, ಕೊಟ್ಟ ಬಾ. ಶಿವಕಾಂತಮ್ಮ ಮಡಿಬಟ್ಟೆ ಮುಖಕ್ಕೆ ಒತ್ತಿಕೊಂಡು ಒಳಗೆ ಹೋಗಿ, ತಿರುಗಿ ಬಂದು, ನಿಂದೇ ಅದ ಅಕ್ಕಾ ಎಂದಳು, ನಂದಾ ಎಂದಳು ಅಕ್ಕ, ಇರಲಿ, ನೀ ಅಂದ್ರ ಇರಲಿ, ಆದರೆ ಅಂಗೈ ಮುಚ್ಚಲಿಲ್ಲ, ಬೇರೆಯವರ ವಸ್ತು ಹಿಡಿದವರ ಹಾಗೆ ಬಿಚ್ಚಿಯೇ ಹಿಡಿದಿದ್ದಳು. ಶಿವನೇ, ನನ್ನನ್ನು ಕುರುಡಿ ಮಾಡು, ಕುಂಟಿ ಮಾಡು, ಅದೊಂದು ಮಾಡಬೇಡ.

ಚಾ ಬಂತು, ಸಕ್ಕರೆ ಇರಲಿಲ್ಲ, ಮಜೀದ ಒಂದೇ ಗುಟುಕಿಗೆ ಕುಡಿದು ಭಾಳ ಚಲೋ ಆಗ್ಯಾದ ಎಂದ. ಮತ್ತೊಮ್ಮೆ ಎಂದಳು ಶಿವಕಾಂತಮ್ಮ, ಈ ಸರ್ತಿ ನಾ ಕಣ್ಣ ಮುಚ್ಚಿ ಬಾರಸ್ತೀನಿ, ನೀವು ನಿಮ್ಮ ಪಾಡಿಗೆ ಬಾರಸ್ರಿ. ಅಮ್ಮಾರು ಸಮಾಧಿಗೆ ಹೊಂಟಾರಪಾ ಎಂದ ಮಜೀದ, ಕೋಲು ಕುಟ್ಟಿದ, ಕಣ್ಣು ಮುಚ್ಚಿತು, ಕತ್ತಲೆಯಲ್ಲಿ ನಾಲ್ಕು ಗೆರೆ ಬೆಳ್ಳಗೆ ಎದ್ದವು, ಎಲ್ಲಕ್ಕಿಂತ ಕೆಳಗಿನದರ ಮೇಲೆ ಸೊನ್ನೆ ಸೊನ್ನೆ ಮೂರು, ಒಂದನೆಯ ಸುತ್ತು, ಬೆರಳ ತುದಿ ಜಡ್ಡುಗಟ್ಟಿದೆ, ತಂತಿ ನೋಯಿಸುವುದಿಲ್ಲ, ಎರಡನೆಯ ಸುತ್ತು, ಈಗ ಬರುತ್ತದೆ, ಬಂತು, ಪೂನಮ್ ಪಲ್ಲವಿಗೆ ಏರಿದಳು, ಆ ಕಂಠ ಮೇಲಿನಿಂದ ಕರೆಯುತ್ತಿದೆ, ಬಾ ಬಾ ಎನ್ನುತ್ತಿದೆ, ಬೆರಳು ಕಟ್ಟಿದ ಕರುವಿನ ಹಾಗೆ ಜಗ್ಗುತ್ತಿದೆ, ಐವತ್ತು ವರ್ಷದ ಅಭ್ಯಾಸ ಜಗ್ಗುತ್ತಿದೆ, ಬಿಡಲಿಲ್ಲ, ಹೋಗುವುದಿಲ್ಲ, ಮಾಸ್ತರರು ಕ್ಷಮಿಸಲಿ, ಇದು ಪರೀಕ್ಷೆ, ಮೂರನೆಯ ಸುತ್ತು, ಸೊನ್ನೆ ಐದು ಮೂರು, ಒಬ್ಬಳೇ, ಕಾಡಿನಲ್ಲಿ ಒಬ್ಬಳೇ ನಡೆದ ಹಾಗೆ, ಕುಂಚಾವರಂ ಕಾಡಿನಲ್ಲಿ ಸಣ್ಣವಳಿದ್ದಾಗ ದಾರಿ ತಪ್ಪಿ ಎಲೆಗಳ ಸದ್ದಿಗೆ ಹೆದರಿ ಓಡಿದ ಹಾಗೆ, ನಾಲ್ಕನೆಯ ಸುತ್ತು, ಈಗ, ಪಕ್ಕದ ತಂತಿ, ಎರಡು — ಧಡ್ ಎಂದು ಮಜೀದನ ಪೆಟ್ಟು ಸರಿಯಾಗಿ ಅದೇ ಎರಡರ ಮೇಲೆ ಬಿತ್ತು, ಎದೆಯ ಒಳಗೆ ಬಿತ್ತು, ಅವನೂ ಅಲ್ಲೇ ಬಂದ, ಇಬ್ಬರೂ ಒಂದೇ ಬಾಗಿಲಿಗೆ ಬಂದರು, ನಾಲ್ಕೇ, ನಾಲ್ಕೇ ಸುತ್ತು, ನನಗೆ ನೆನಪಿದೆ, ಶಿವನೇ ನನಗೆ ನೆನಪಿದೆ, ನನಗೇನೂ ಆಗಿಲ್ಲ, ಕಣ್ಣಿನಿಂದ ನೀರು ಇಳಿದು ಗಿಟಾರಿನ ಮೇಲೆ ಬಿತ್ತು, ಎರಡು ಎರಡು ಸೊನ್ನೆ, ಇಷ್ಟು ದಿನದ ಕಲ್ಲು ಹಗುರವಾಗಿ ಎದ್ದು ಹೋಯಿತು, ನಾಳೆ ಕಲಬುರಗಿ ಇಲ್ಲ, ಡಾಕ್ಟರು ಇಲ್ಲ, ಬಳಗಕ್ಕೆ ಹೋಗುತ್ತೇನೆ, ಪೇಟಿ ತೆಗೆಯುತ್ತೇನೆ, ಎರಡು ಎರಡು — ಮೇಲಿನ ಗಿಟಾರು ಎಲ್ಲಿ. ಮೇಲಿನ ಗಿಟಾರು ಎಲ್ಲಿದೆ. ಅದು ಇನ್ನೂ ನುಡಿಯಲ್ಲಿತ್ತು, ಪಲ್ಲವಿ ಅರ್ಧ ಮಾಡಿ ತಿರುಗಿ ನುಡಿಗೆ ಹೋಗಿತ್ತು, ಮತ್ತೆ ಪಲ್ಲವಿಯ ಕಡೆ ಕೈ ಚಾಚಿ ಸಿಕ್ಕದೆ, ಒಂದು ತಂತಿ ಒಂಟಿಯಾಗಿ ಟಿಣ್ ಎಂದು ನಿಂತಿತು. ಮಜೀದ ನಿಲ್ಲಿಸಿದ. ಡಬ್ಬಿಯ ಸ್ಪೀಕರು ಒಂದೇ ಸಮನೆ ಗುಂಯ್ಗುಡುತ್ತಿದೆ.

ಯಾಕ ಇಬ್ಬರೂ ತಪ್ಪಾಕತ್ತೀರಿ, ಇರೂದು ಎರಡೇ ಸುತ್ತು ಎಂದಳು ಪೂನಮ್. ಬೆಹೆ‍ನ್, ನಾಕು ರೀ, ಮೊದಲಿಂದ ನಾಕೇ ಸುತ್ತು ಅವ, ನೀವೇ ನಮಗ ಕಲಿಸಿದ್ದು ಎಂದ ಮಜೀದ, ಎಷ್ಟು ಮೆಲ್ಲಗೆ ಅಂದ, ಮೊದಲೇ ಗೊತ್ತಿದ್ದವರು ಅನ್ನುವಷ್ಟು ಮೆಲ್ಲಗೆ, ಹಾಗಾದರೆ ಇವನಿಗೆ ಗೊತ್ತಿತ್ತು, ತಿರುಪು ಬಿಗಿ ಮಾಡಿದ್ದು, ಸಕ್ಕರೆಯಿಲ್ಲದ ಚಾ, ನಕ್ಕಿದ್ದು, ಎಲ್ಲ ಇದಕ್ಕೇ, ಮತ್ತು ಮೂರನೆಯ ಮನೆ ಅಲ್ಲ ನಾಲ್ಕನೆಯದು ಎಂದು ಯಾರೂ ತೋರಿಸಿರಲಿಲ್ಲ, ಬರುವುದಿಲ್ಲವೆಂದು ಯಾರೂ ಅಂದಿರಲಿಲ್ಲ, ಬೀಗ ಹಾಕಿದ ಬಾಗಿಲ ಮುಂದೆ ಧೂಳಿನಲ್ಲಿ ಕುಳಿತವಳು ಏನನ್ನೂ ಮರೆತಿರಲಿಲ್ಲ, ರಕ್ತ ಎಂದರು ಡಾಕ್ಟರು, ನೀವೂ ಎಂದರು, ಬಾಗಿಲ ಹತ್ತಿರ ಚಪ್ಪಲಿ ಹಿಡಿದು ನಿಂತವಳ ಕಡೆ ನಾನು ಒಮ್ಮೆಯೂ ತಿರುಗಿ ನೋಡಲಿಲ್ಲ, ತಂಗಿಗಿಂತ ಮಗಳು ಹತ್ತಿರದ ರಕ್ತವಲ್ಲವೇ, ಅವಳು ಕೇಳಿಸಿಕೊಂಡಿದ್ದಳಲ್ಲವೇ, ಅದಕ್ಕೇ ಗಿಟಾರು ಕಲಿಸು ಎಂದಾಗ ಏನೂ ಕೇಳದೆ ಮುಖ ನೋಡಿದ್ದಳಲ್ಲವೇ. ಪೂನಮ್ ಇವರಿಬ್ಬರನ್ನೂ ನೋಡುತ್ತಿಲ್ಲ, ಎಡಗೈಯನ್ನು ಗಿಟಾರಿನ ಕೊರಳಿಂದ ತೆಗೆದು ಎದುರಿಗೆ ಹಿಡಿದಿದ್ದಾಳೆ, ಅದು ಎಲ್ಲಿ ಕೂಡಬೇಕಿತ್ತು ಎಂದು ಅದನ್ನೇ ಕೇಳುವ ಹಾಗೆ, ಆಮೇಲೆ ಮುಖ ಎತ್ತಿದಳು, ಕಣ್ಣು ಅಗಲವಾಗಿವೆ, ಅವುಗಳಲ್ಲಿ ತನ್ನದೇ ಹೆದರಿಕೆ ಇದೆ, ಎಷ್ಟೋ ದಿನದಿಂದ ತಾನು ಒಬ್ಬಳೇ ಹೊತ್ತೆನೆಂದುಕೊಂಡ ಹೆದರಿಕೆ. ಚಿಗವ್ವ, ನೀನೇ ಮರ್ತಿ, ಅಲ್ಲಾ? ಬೇಡುತ್ತಿದ್ದಾಳೆ, ಸಣ್ಣವಳಿದ್ದಾಗ ಕತ್ತಲೆಯಲ್ಲಿ ಹಿತ್ತಲಿಗೆ ಹೋಗುವಾಗ ಸೆರಗು ಹಿಡಿದು ಚಿಗವ್ವ ಅಲ್ಲಿ ಯಾರೂ ಇಲ್ಲ ಅಲ್ಲಾ ಎನ್ನುತ್ತಿದ್ದ ಹಾಗೆ. ಹೌದವ್ವ ಎಂದಳು ಶಿವಕಾಂತಮ್ಮ, ನಾನೇ ಮರ್ತೆ ನೋಡು, ಹಾಳು ಮರವು, ಮಜೀದಪ್ಪಗೂ ನನ್ನ ಸಂಗಡ ದಾರಿ ತಪ್ಪಿಸಿದೆ, ನೀ ಮೊದಲಿಂದ ಹಾಡವ್ವ, ನಾ ನಿನ್ನ ಹಿಂದೇ ಬರ್ತೀನಿ. ಮಜೀದ ತಲೆ ತಗ್ಗಿಸಿ ಕೋಲು ಕುಟ್ಟಿದ, ಸೊನ್ನೆ ಸೊನ್ನೆ ಮೂರು, ನಾಳೆ ಕಲಬುರಗಿಗೆ ಹೋಗಬೇಕು, ನನ್ನ ಡಾಕ್ಟರಿಗೆ ತೋರಿಸಬೇಕು, ಸಂಗಡ ಬಾರವ್ವ ಎಂದು ಅವಳನ್ನು ಕರೆದೊಯ್ಯಬೇಕು, ಶಿವನೇ ಬೆಳಿಗ್ಗೆ ಬೇಡಿದ್ದು ಬೇಡ, ತಿರುಗಿ ತೆಗೆದುಕೋ, ನನ್ನ ನೆನಪು ತೆಗೆದುಕೋ, ಚಿಮ್ಮನಚೋಡ ತೆಗೆದುಕೋ, ತಾಯಿಯ ಹೆಸರು ತೆಗೆದುಕೋ, ಕೇಳುತ್ತಿದೆಯೇ ನಿನಗೆ, ಪೂನಮ್ ಈ ಸಲ ಎರಡು ಸುತ್ತು ಬಿಟ್ಟು ಮೂರಕ್ಕೆ ಪಲ್ಲವಿಗೆ ಏರಿದಳು, ಇವಳು ಮೊದಲೇ ಹೋಗಿ ಅಲ್ಲಿ ನಿಂತಿದ್ದಳು, ತಿರುಗಿ ಇಳಿದಳು, ಇವಳೂ ಇಳಿದಳು, ಹಾಡು ಎಲ್ಲಿಯೂ ತಪ್ಪಲಿಲ್ಲ, ಎಷ್ಟು ಚೆನ್ನಾಗಿದೆ, ಕಿಟಕಿಯಾಚೆ ಯಾರೋ ನಿಂತು ಕೇಳುತ್ತಿದ್ದಾರೆ, ಆಮೇಲೆ ಗಿಟಾರು ನಡುವೆಯೇ ಮೌನವಾಯಿತು, ದಪ್ಪ ತಂತಿ ಇನ್ನೂ ಒಂದು ಸೊನ್ನೆ ಹೊಡೆಯಿತು, ಇನ್ನೊಂದು, ಕಾಯುತ್ತ, ಪೂನಮ್‌ಳ ಕೈ ತಂತಿಗಳಿಂದ ಎದ್ದಿದೆ, ಕಿಟಕಿಯ ಬೆಳಕು ಬಿದ್ದಿದೆ, ಬೆರಳುಗಳು ಬಿಚ್ಚಿಕೊಂಡಿವೆ, ಅಕ್ಕ ಮಣೆಯ ಮೇಲೆ ಕುಳಿತಿದ್ದಾಳೆ, ಬಿಳಿ ಸೀರೆ, ಬೆಳಕು, ಅಂಗೈ, ಮುಚ್ಚು ಅಕ್ಕಾ, ಕೈ ಮುಚ್ಚು, ಮುಚ್ಚುವುದಿಲ್ಲ, ಬೆಳಕಿನಲ್ಲಿ ಬಿಚ್ಚಿದ ಆ ಅಂಗೈ, ಆ ಅಂಗೈ —